ಬೀಜದ ಭತ್ತಕ್ಕೆ ಕೊಂಡವಳು

ನಾನು ನನ್ನ ತಾಯಿಯನ್ನು ‘ಅಕ್ಕ’ ಎಂದು ಕರೆಯುತ್ತೇನೆ. ಎದುರು ಮನೆಯಾಕೆಯನ್ನು ‘ಅವ್ವ’ ಎಂದು ಕರೆಯುತ್ತಿದ್ದೆ. ಮೈಸೂರಿನ ಹಾಸ್ಟೆಲಿನಲ್ಲಿ, ಆಮೇಲೆ ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ, ನಾನು ಊರಿಗೆ ಫೋನ್ ಮಾಡಿ ಮಾತಾಡುವುದನ್ನು ಕೇಳಿಸಿಕೊಂಡವರು ಇದೇನು ಕ್ರಮ ಎಂದು ವಿಚಾರಿಸಿದರೆ, ‘ಚಿಕ್ಕಂದಿನ ಅಭ್ಯಾಸ’ ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವ್ವ ತೀರಿಕೊಂಡು ಈಗ ಒಂದು ಬೆಳೆಯ ಕಾಲ ಕಳೆದಿದೆ. ಆಕೆಯ ಬಗ್ಗೆ ಬರೆಯಬೇಕೆಂದು ಕೂತರೆ ಆ ಅಭ್ಯಾಸದ ಮೂಲವನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ನಮ್ಮದು ಹದಿನಾರು ಎಂಬ ಊರಿಗೂ ಕಬಿನಿ ಹೊಳೆಗೂ ನಡುವೆ ಇರುವ ಸಣ್ಣ ಊರು. ಎರಡು ಬೀದಿ, ಒಂದು ಮಾರಿಗುಡಿ, ನಾಲೆ ಏರಿಯ ಮೇಲೆ ಬಸ್ಸು ನಿಲ್ಲುವ ಒಂದು ಮರ. ನಾನು ಚಿಕ್ಕವಳಿದ್ದಾಗ ಅಲ್ಲಿ ಮಕ್ಕಳಿಲ್ಲದ ಮನೆಗಳು ಮೂರಿದ್ದವು. ಒಂದರಲ್ಲಿ ಗಂಡ ಎರಡನೇ ಮದುವೆ ಮಾಡಿಕೊಂಡ. ಆ ಮನೆಯಲ್ಲಿ ತೊಟ್ಟಿಲು ತೂಗಿತು, ಮೊದಲನೆಯವಳು ಹಿತ್ತಿಲ ಕೋಣೆಗೆ ಸರಿದಳು. ಇನ್ನೊಂದು ಮನೆಯವರು ಅಣ್ಣನ ಮಗನನ್ನು ಕರೆತಂದು ಸಾಕಿಕೊಂಡರು. ಏನೂ ಮಾಡದೆ ಮಕ್ಕಳಿಲ್ಲದ ಮನೆಯಾಗಿಯೇ ಉಳಿದದ್ದು ನಮ್ಮ ಎದುರಿನದು ಒಂದೇ.

ಅಂಥ ಮನೆಗಳಿಗೆ ಊರು ಒಂದು ಕೆಲಸ ಹಚ್ಚಿತ್ತು. ಮುಂದಿನ ಬೆಳೆಗೆಂದು ಎತ್ತಿಟ್ಟ ಬಿತ್ತನೆಯ ಭತ್ತವನ್ನು ಅಲ್ಲಿ ಇಡುತ್ತಿದ್ದರು. ಮಕ್ಕಳಿರುವ ಮನೆಯಲ್ಲಿ ಬೀಜ ಉಳಿಯುವುದಿಲ್ಲ. ಬೇಸಗೆ ಮುಗಿಯುವ ಹೊತ್ತಿಗೆ ಊಟದ ಭತ್ತ ತಳ ಕಂಡಿರುತ್ತದೆ; ಮಕ್ಕಳ ಮುಖ ನೋಡಿದ ತಾಯಿ ಬೀಜಕ್ಕೂ ಕೈ ಹಾಕುತ್ತಾಳೆ. ಅದಕ್ಕೆ ಸುಗ್ಗಿ ಮುಗಿದ ಕೂಡಲೇ ಬೀದಿಯವರೆಲ್ಲ ತಂತಮ್ಮ ಬೀಜವನ್ನು ಎದುರು ಮನೆಗೆ ಹೊರುತ್ತಿದ್ದರು. ಅವರ ನಡುಮನೆಯ ಗೋಡೆಗೆ ಸಾಲಾಗಿ ದೊಡ್ಡ ಮಣ್ಣಿನ ಗುಡಾಣಗಳು. ಒಂದೊಂದರ ಹೊಟ್ಟೆಯ ಮೇಲೂ ಸುಣ್ಣದಲ್ಲಿ ಒಂದೊಂದು ಗುರುತು, ಬಾಯಿಗೆ ಬೇವಿನ ಸೊಪ್ಪು ಹಾಕಿ ಮೆತ್ತಿದ ಸಗಣಿ. ಯಾವುದು ಯಾರದೆಂದು ಆಕೆಗೆ ಬಾಯಿಪಾಠ. ಇದರಲ್ಲಿ ಯಾರೂ ಬೇರೆ ಅರ್ಥ ಹುಡುಕುತ್ತಿರಲಿಲ್ಲ. ಅನುಕೂಲ, ಅಷ್ಟೆ.

ಆಕೆ ಎತ್ತರದ ಹೆಂಗಸು. ದಪ್ಪ ಮಣಿಕಟ್ಟು, ನಡೆದರೆ ಬೀದಿ ಕೇಳಿಸುವ ಹೆಜ್ಜೆ. ದನಿ ಒಂದೇ ಅಳತೆಯದು. ಗುಟ್ಟು ಹೇಳಿದರೂ ಮಾರಿಗುಡಿಯವರೆಗೆ ಹೋಗುತ್ತಿತ್ತು. ಚೌಕಾಸಿ ಆಕೆಯ ಪ್ರಾಣ. ಯಾವ ವಸ್ತುವನ್ನೂ ಹೇಳಿದ ಬೆಲೆಗೆ ಕೊಂಡವಳಲ್ಲ. ಸೀರೆ ಗಂಟು ಹೊತ್ತು ಬರುವವನು, ಬಳೆಗಾರ, ಸೈಕಲ್ಲಿನಲ್ಲಿ ಪಾತ್ರೆ ತರುವವನು, ಎಲ್ಲರೂ ಮೊದಲು ಆಕೆಯ ಜಗಲಿಗೇ ಬರುತ್ತಿದ್ದರು. ಅಲ್ಲಿ ಇಳಿದ ಬೆಲೆಯೇ ಬೀದಿಗೆಲ್ಲ ಬೆಲೆ.

“ಅಕ್ಕೋ, ನೀವು ಕೇಳೋದ್ಕೆ ಅಸಲೇ ಬರಾಕಿಲ್ಲ ಕಣಕ್ಕ” ಎಂದು ಸೀರೆಯವನು ಒಮ್ಮೆ ಗೋಗರೆದ.

“ನಿನ್ ಅಸಲು ನಿನ್ ಮನೇಲಿರ್ಲಿ. ಒತ್ತಾರೆಯಿಂದ ನನ್ ಜಗ್ಲಿ ಮೇಲೆ ಕುಂತಿದ್ದೀಯ, ಮಜ್ಜಿಗೆ ಕುಡ್ದಿದ್ದೀಯ. ಜಗ್ಲಿ ಬಾಡ್ಗೆ ಎಷ್ಟಾಯ್ತು ಅಂತ ಯೋಳ್ಲಾ?”

ಅವನು ನಕ್ಕು ಗಂಟು ಬಿಚ್ಚಿದ. ಒಳಗಿನಿಂದ ಆಕೆಯ ಗಂಡ, “ಕೊಟ್ಬುಡಪ್ಪ. ನನ್ನೂ ಇಂಗೇ ಕಮ್ಮೀಲಿ ತಂದವ್ಳೆ” ಅಂದ. ಅವನು ತೆಳ್ಳನೆಯ ಆಳು, ತೆಳ್ಳನೆಯ ದನಿ. ನಾನು ಅವನನ್ನು ‘ಅಯ್ಯ’ ಎನ್ನುತ್ತಿದ್ದೆ.

ನನಗಿಂತ ಮೊದಲು ನನ್ನ ತಾಯಿಗೆ ಎರಡು ಮಕ್ಕಳಾಗಿ, ಎರಡೂ ಬಾಣಂತನ ಮುಗಿಯುವ ಮೊದಲೇ ಹೋಗಿದ್ದವು. ನಾನು ಹುಟ್ಟಿದಾಗ ಅಪ್ಪನ ತಾಯಿ, ನನ್ನ ಅಜ್ಜಿ, ಮಗುವನ್ನು ಮಾರಿಬಿಡುವುದೆಂದು ತೀರ್ಮಾನಿಸಿದಳು. ನಮ್ಮ ಕಡೆ ಇದು ಹಳೆಯ ಪದ್ಧತಿ. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಾರೆ. ಬೇರೆ ಮನೆಯ ಹೆಂಗಸೊಬ್ಬಳು ಬಂದು ಒಂದು ಹಿಡಿ ತೌಡು ಕೊಟ್ಟು ಅದನ್ನು ಎತ್ತಿಕೊಳ್ಳುತ್ತಾಳೆ. ಹೆತ್ತವಳು ಆಮೇಲೆ ಪರರ ಮಗುವನ್ನು ನೋಡಿಕೊಳ್ಳುವವಳ ಹಾಗೆ ಅದೇ ಕೂಸನ್ನು ಮನೆಗೆ ತಂದು ಸಾಕುತ್ತಾಳೆ. ತೌಡಿನ ಬೆಲೆಯ ಮಗು, ಅದೂ ಇವಳದಲ್ಲ ಎಂದುಕೊಂಡು ಸಾವು ಮುಂದಿನ ಮನೆಗೆ ಹೋಗುತ್ತದೆ ಎಂಬ ನಂಬಿಕೆ. ಮಗುವಿಗೆ ಐದು ತುಂಬಿ ಭಯ ಕಳೆದ ಮೇಲೆ, ಕೊಂಡವಳು ಕೊಟ್ಟದ್ದನ್ನೇ ಅವಳಿಗೆ ಹಿಂದಕ್ಕೆ ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಮಗು ಕೊಂಡವಳನ್ನು ಅವ್ವ ಎನ್ನಬೇಕು, ಹೆತ್ತವಳನ್ನು ಅಕ್ಕ ಎನ್ನಬೇಕು.

ಕೊಳ್ಳಲು ಸಾಮಾನ್ಯವಾಗಿ ಮನೆ ತುಂಬ ಮಕ್ಕಳಿರುವವಳನ್ನು ಕರೆಯುತ್ತಾರೆ. ಅಜ್ಜಿ ಎದುರು ಮನೆಯಾಕೆಯನ್ನು ಕರೆದಳು. ಒಳಗೆ ಮಲಗಿದ್ದ ನನ್ನ ತಾಯಿ, “ಅಲ್ಲ ಅತ್ತೆಮ್ಮ, ಓಗಿ ಓಗಿ ಅವ್ರ ಮಡಿಲಿಗಾ?” ಎಂದು ಅಳುಕಿದಳಂತೆ.

“ಆ ಮನೇಗೆ ಕೂಸು ಬಂದಿದ್ದೂ ಇಲ್ಲ, ಆ ಮನೆಯಿಂದ ಓಗಿದ್ದೂ ಇಲ್ಲ. ಸಾವಿಗೆ ಆ ಬಾಗ್ಲು ಗೊತ್ತಿಲ್ಲ ಕಣೆ” ಎಂದಳಂತೆ ಅಜ್ಜಿ.

ತೌಡು ತಾ ಎಂದು ಹೇಳಿ ಕಳಿಸಿದ್ದರು. ಆಕೆ ಬಂದಾಗ ಕೈಯಲ್ಲಿ ಒಂದು ಮೊರ ತುಂಬ ಭತ್ತವಿತ್ತು. ತಿನ್ನುವ ಭತ್ತವೂ ಅಲ್ಲ. ತನ್ನ ಮನೆಯ ಗುಡಾಣ ಒಡೆದು ತೆಗೆದ ಬಿತ್ತನೆಯ ಬೀಜ.

“ತೌಡು ತಾರೆ ಅಂದ್ರೆ ಇದೇನೇ ತಂದಿದ್ದೀಯ?” ಅಜ್ಜಿ ಗದರಿದಳು.

“ತೌಡಿಗೆ ಬೂಸ ಬತ್ತದೆ ಕಣತ್ತೆ. ಕೂಸು ಬತ್ತದಾ?”

“ಇದು ಆಟ ಕಣೆ. ನಿಜವಾದ ಬೆಲೆ ಕೊಟ್ಬುಟ್ರೆ ಯಾಪಾರ ಆಗೋಯ್ತದೆ.”

“ಆದ್ರೆ ಆಗ್ಲಿ.”

ತಿಪ್ಪೆಯ ಮೇಲಿಟ್ಟ ಕೂಸನ್ನು ಯಾರಾದರೂ ಕೊಳ್ಳುವವರೆಗೆ ಮನೆಯವರು ಮುಟ್ಟುವಂತಿಲ್ಲ. ಬಿಸಿಲು ಏರುತ್ತಿತ್ತು, ನಾನು ಅಳುತ್ತಿದ್ದೆ. ಅಜ್ಜಿ ಬೇರೆ ದಾರಿ ಕಾಣದೆ ಸೆರಗು ಒಡ್ಡಿದಳು. ಆಕೆ ಭತ್ತ ಸುರಿದು, ಎರಡೂ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನು ಎತ್ತಿಕೊಂಡಳು. ಒಂದು ಬದನೆಕಾಯಿಗೆ ಸಂತೆಯನ್ನೆಲ್ಲ ಸುತ್ತುವ ಹೆಂಗಸು ಅವತ್ತು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಳೆಂದು ಊರವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಆ ಸಲ ಅಯ್ಯ ತನ್ನ ಗದ್ದೆಗೆ ಬೀದಿಯವರ ಹತ್ತಿರ ಬೀಜ ಕೇಳಿ ಬಿತ್ತಬೇಕಾಯಿತು.

ನಾನು ಉಳಿದೆ. ನಮ್ಮ ಮನೆಯಲ್ಲೇ ಉಂಡೆ, ಮಲಗಿದೆ. ಆದರೆ ಯುಗಾದಿಗೆ ಹೊಸ ಬಟ್ಟೆ ಎದುರು ಮನೆಯಿಂದ ಬರಬೇಕು. ದೀಪಾವಳಿಗೆ ನೆತ್ತಿಗೆ ಎಣ್ಣೆ ಇಡುವವಳು ಆಕೆ. ಪ್ರತಿ ಸಲ ಮುಟ್ಟುವ ಮೊದಲು, ಕೈ ಎಷ್ಟೇ ಶುದ್ಧವಾಗಿದ್ದರೂ, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಬೇರೆ ಯಾರ ಮನೆಯ ಎಳೆಗೂಸನ್ನೂ ಆಕೆ ಎತ್ತಿಕೊಂಡದ್ದನ್ನು ನಾನು ನೋಡಿಲ್ಲ. ತೊಟ್ಟಿಲು ಶಾಸ್ತ್ರಕ್ಕೆ, ಮಡಿಲು ತುಂಬುವುದಕ್ಕೆ ಕರೆ ಬಂದರೆ ಬೇಕೆಂದೇ ತಡವಾಗಿ ಹೋಗುತ್ತಿದ್ದಳು. ಒಮ್ಮೆ ಜೊತೆಯಲ್ಲಿದ್ದ ನಾನು, “ಬಿರಬಿರನೆ ನಡಿಯವ್ವ, ಮುಗ್ದೋಯ್ತದೆ” ಎಂದು ಸೆರಗು ಎಳೆದೆ.

“ಮುಗೀಲಿ ಬುಡು. ಮುಂಚೆ ಓದ್ರೆ ನನ್ ಕೈಗೆ ಅಕ್ಷತೆ ಕೊಡಾದೋ ಬ್ಯಾಡ್ವೋ ಅಂತ ಅವ್ರು ಒಬ್ರ ಮಖ ಒಬ್ರು ನೋಡ್ಕತಾರೆ. ತಡವಾಗಿ ಓದ್ರೆ ಅವ್ರಿಗೂ ಸಲೀಸು, ಊಟವೂ ಬಿಸಿ ಇರ್ತದೆ.”

ಆಕೆ ಇದನ್ನು ದುಃಖದಿಂದ ಹೇಳಿದಳೆಂದು ನಾನು ಬರೆದರೆ ಸುಳ್ಳಾಗುತ್ತದೆ. ಬಸ್ಸಿನ ಹೊತ್ತು ಹೇಳುವವರ ಹಾಗೆ ಹೇಳಿದಳು.

ಆ ಮನೆಯ ಮಧ್ಯಾಹ್ನಗಳು ನನಗೆ ಬಹಳ ಇಷ್ಟ. ನಮ್ಮ ಮನೆಯಲ್ಲಿ, ನನ್ನ ಹಿಂದೆ ತಮ್ಮ ಹುಟ್ಟಿದ ಮೇಲಂತೂ, ದೊಡ್ಡವರು ಸುಮ್ಮನೆ ಕೂತದ್ದೇ ಇಲ್ಲ. ಅಲ್ಲಿ ಗಂಡ ಹೆಂಡತಿ ಬಿಸಿ ಅನ್ನ ಉಂಡು, ಜಗಲಿಯ ಕಲ್ಲಿನ ಮೇಲೆ ಗೀಚಿದ ಮನೆಗಳಲ್ಲಿ ಚೌಕಾಬಾರ ಆಡುತ್ತಿದ್ದರು. ಹುಣಸೆ ಬೀಜ ಉಜ್ಜಿ ಮಾಡಿದ ದಾಳ, ಬಳೆ ಚೂರಿನ ಕಾಯಿ. ಆಕೆ ಮೋಸ ಮಾಡುತ್ತಿದ್ದಳು. ಅಯ್ಯನಿಗೆ ಗೊತ್ತಿತ್ತು. ಆಟ ಮುಗಿದ ಮೇಲೆ, “ನೋಡವ್ವ ಮಗ, ನಿಮ್ಮವ್ವ ನನ್ ಕಾಯಿ ಯಾವ ಮನೇಲಿ ಬಿಟ್ಟವ್ಳೆ ಅಂತ” ಎಂದು ನನ್ನ ಹತ್ತಿರ ದೂರುತ್ತಿದ್ದ. ಒಂದು ದಿನ ನನ್ನ ತಾಯಿ ನಮ್ಮ ಬಾಗಿಲಲ್ಲಿ ನಿಂತು, ತಮ್ಮನನ್ನು ಸೊಂಟದಲ್ಲಿ ಇಟ್ಟುಕೊಂಡು, ಬಹಳ ಹೊತ್ತು ಅವರ ಆಟ ನೋಡಿದಳು. “ಗಂಡ ಎಂಡ್ತಿ ಇಬ್ರೇ ಕುಂತು ನಗ್ತಾರೆ” ಅಂದಳು. ಆ ಮಾತಿನಲ್ಲಿ ಆಸೆಯೂ ಇತ್ತೆಂದು ನನಗೆ ಗೊತ್ತಾದದ್ದು ನನ್ನ ಮದುವೆಯಾದ ಮೇಲೆ.

ಇಬ್ಬರು ಹೆಂಗಸರಿಗೂ ಜಗಳವಿರಲಿಲ್ಲ. ಸಾರು ಆ ಕಡೆ ಈ ಕಡೆ ಓಡಾಡುತ್ತಿತ್ತು, ಒಬ್ಬರ ತಲೆ ಇನ್ನೊಬ್ಬರು ನೋಡುತ್ತಿದ್ದರು. ನನ್ನ ತಾಯಿ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಆದರೆ ನನ್ನನ್ನು ಬಿಡಿಸಿಕೊಳ್ಳುವ ವಿಷಯ ಇಬ್ಬರ ನಡುವೆ ಹಾಗೇ ಉಳಿದುಬಿಟ್ಟಿತ್ತು. ನನಗೆ ಐದು ತುಂಬುವ ಮೊದಲೇ ಅಜ್ಜಿ ತೀರಿಕೊಂಡಳು. ಮುಂದೆ ನಿಂತು ಶಾಸ್ತ್ರ ಮುಗಿಸುವವರು ಇಲ್ಲವಾಯಿತು. ಆ ವರ್ಷ ಅಪ್ಪ ಗದ್ದೆಗೆ ಕಬ್ಬು ಹಾಕಿದ್ದ. ತೌಡಾಗಿದ್ದರೆ ಯಾವತ್ತು ಬೇಕಾದರೂ ಕೊಡಬಹುದಿತ್ತು. ಕೊಡಬೇಕಾದದ್ದು ಒಂದು ಮೊರ ಬೀಜದ ಭತ್ತ.

ಮುಂದಿನ ಸುಗ್ಗಿಗೆ ನನ್ನ ತಾಯಿ ಮೊರ ತುಂಬಿಕೊಂಡು ಬೀದಿ ದಾಟಿದಳು. ನಾನೂ ಜೊತೆಯಲ್ಲಿದ್ದೆ. ಆಕೆ ಒಂದು ಕಾಳು ತೆಗೆದು ಹಲ್ಲಿಗಿಟ್ಟು ಕಡಿದಳು.

“ಇದು ಒಣಗಿಲ್ಲ ಕಣವ್ವ. ಕಡಿದ್ರೆ ಸದ್ದೇ ಬರ್ಲಿಲ್ಲ. ಗುಡಾಣಕ್ಕೆ ಆಕಿದ್ರೆ ಮುಗ್ಗು ಬತ್ತದೆ.”

ತಾಯಿ ಹಿಂದಕ್ಕೆ ತಂದು ಒಂದು ವಾರ ಒಣಗಿಸಿದಳು. ಅಷ್ಟರಲ್ಲಿ ಶೂನ್ಯಮಾಸ ಬಂದಿತ್ತು. ಮರುವರ್ಷ ಹೋದಾಗ ಆಕೆ ಮೊರವನ್ನು ಬಿಸಿಲಿಗೆ ಹಿಡಿದು, “ಬೆರಕೆ ಅದಲ್ಲೇ, ನೋಡು, ಕೆಂಪು ಕಾಳು” ಅಂದಳು. ಅದರ ಮುಂದಿನ ಸಲ, “ಇದು ಸೊಸೈಟಿ ಬೀಜ. ನಾನು ಕೊಟ್ಟಿದ್ದು ನಾಟಿ ಬತ್ತ.” ನಾಟಿ ಭತ್ತ ಬೆಳೆಯುವುದನ್ನು ಅಷ್ಟರಲ್ಲಿ ಊರೇ ಬಿಟ್ಟಿತ್ತು.

ಬೀದಿಯವರಿಗೆ ಇದೊಂದು ತಮಾಷೆ. “ಏನವ್ವ, ಈ ವರ್ಸಾನೂ ಯಾಪಾರ ಕುದುರ್ನಿಲ್ವಾ?” ಎಂದು ನನ್ನ ತಾಯಿಯನ್ನು ಕೇಳುತ್ತಿದ್ದರು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಈಗಲೂ ಗೊತ್ತಿಲ್ಲ. ಒಂದು ಸಂಜೆ ತಾಯಿ ಒಲೆಯ ಮುಂದೆ ಕೂತು ಅಳುತ್ತಿದ್ದಾಗ ಅಪ್ಪ ಸಮಾಧಾನ ಹೇಳಿದ:

“ಅದ್ಕೆ ಯಾಕೆ ಅಳ್ತೀಯ? ಮಗ ಇಲ್ಲೇ ಉಣ್ತದೆ, ಇಲ್ಲೇ ಮಲೀಕತದೆ. ಬರೀ ಕರಿಯೋದ್ಕೆ ತಾನೆ ಅವ್ರು ಅವ್ವ?”

“ನನ್ಗೂ ಅದೊಂದೇ ಬೇಕಾಗಿರೋದು” ಎಂದಳು ತಾಯಿ. “ಎರಡು ಮಣ್ಣು ಮಾಡಿ ಮೂರ್ನೇದು ಎತ್ತೆ. ಅದು ನನ್ನ ಅಕ್ಕ ಅಂತದೆ.”

ನಾನು ಬಾಗಿಲ ಹಿಂದೆ ಇದ್ದೆ. ಒಳಗೆ ಹೋಗಲಿಲ್ಲ.

ನಂಜನಗೂಡಿನ ಸಂತೆಗೆ ಆಕೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಬಸ್ಸಿನಲ್ಲಿ ನನಗೆ ಅರ್ಧ ಟಿಕೆಟ್ಟು. ನಾನು ಆಕೆಯ ಹೆಗಲಿಗೆ ಬಂದ ಮೇಲೂ ಅರ್ಧ ಟಿಕೆಟ್ಟೇ. ಒಬ್ಬ ಹೊಸ ಕಂಡಕ್ಟರು ಒಪ್ಪಲಿಲ್ಲ.

“ಏನಮ್ಮ, ಇಷ್ಟುದ್ದ ಬೆಳ್ದವ್ಳೆ, ಇವಳಿಗೆ ಆಫಾ? ವಯಸ್ಸು ಎಷ್ಟು ನಿಜ ಹೇಳಿ.”

“ಅದು ಉದ್ದದ ಜಾತಿ ಕಣಪ್ಪ, ನನ್ನಂಗೆ.”

“ಹೆತ್ತೋರಿಗೆ ಮಕ್ಕಳ ವಯಸ್ಸು ಗೊತ್ತಿರಲ್ವಾ?”

“ಎತ್ತಿದ್ರೆ ಗೊತ್ತಿರ್ತಿತ್ತು. ನಾನು ಕೊಂಡ್ಕೊಂಡಿದ್ದು.”

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಏನೂ ಅರ್ಥವಾಗದೆ ಅರ್ಧ ಟಿಕೆಟ್ಟು ಹರಿದುಕೊಟ್ಟ. ನನಗೆ ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡುತ್ತ ಕೂತೆ. ಬಸ್ಸು ಇಳಿದ ಮೇಲೆ ಆಕೆ, “ಯಾಕೆ ಮಖ ಊದಿಸ್ಕಂಡಿದ್ದೀಯ? ನಾನೇನು ಸುಳ್ ಯೋಳುದ್ನಾ?” ಎಂದು ಕೇಳಿ, ಉಳಿದ ದುಡ್ಡಿಗೆ ನನಗೆ ರಿಬ್ಬನ್ನು ಕೊಡಿಸಿದಳು. ಅದಕ್ಕೂ ಚೌಕಾಸಿ ಮಾಡಿಯೇ.

ನಾನು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ಹೇಳಲು ಹೋದಾಗ ಆಕೆ ಭತ್ತ ಕೇರುತ್ತಿದ್ದಳು. “ಪಾಟ ಅಂದ್ರೆ ಮಾತಾಡ್ಬೇಕಲ್ಲೇ” ಎಂದು ಕೈ ನಿಲ್ಲಿಸಿದಳು. “ನೀನು ಮಾತೇ ಆಡಲ್ಲ. ಸುಮ್ನೆ ನಿಂತಿದ್ರೆ ಸಂಬ್ಳ ಕೊಡ್ತಾರಾ?” ಆಮೇಲೆ ಆಕೆ ಬೀದಿಯಲ್ಲಿ ಕಂಡ ಕಂಡವರಿಗೆಲ್ಲ, ನನ್ನ ಮಗಳು ಬಾಯಿ ಬಿಟ್ಟರೆ ಅರುವತ್ತು ಜನ ಕೈ ಕಟ್ಟಿ ಕೂರುತ್ತಾರೆಂದು ಹೇಳಿಕೊಂಡು ತಿರುಗಿದಳಂತೆ. ನನ್ನ ತರಗತಿಯಲ್ಲಿ ಅಷ್ಟು ಜನ ಇರಲೇ ಇಲ್ಲ.

ಮದುವೆ ಗೊತ್ತಾಯಿತು. ಬನ್ನೂರಿನ ಕಡೆಯ ಹುಡುಗ, ನರಸೀಪುರದ ಛತ್ರದಲ್ಲಿ ಧಾರೆ. ಚಪ್ಪರದ ದಿನ ನಮ್ಮ ಕುಲದ ಯಜಮಾನ, ಹಲ್ಲಿಲ್ಲದ ಮುದುಕ, ಅಂಗಳದಲ್ಲಿ ಕೂತು ಅಪ್ಪನನ್ನು ಕೇಳಿದ: “ಕೂಸ್ನ ಬುಡುಸ್ಕೊಂಡ್ರೇನಪ್ಪ? ಕೊಂಡೋರ ಎಣ್ಣಿಗೆ ನೀವು ಎಂಗೆ ದಾರೆ ಎರೀತೀರಿ?”

ನನ್ನ ತಾಯಿ ಈ ಪ್ರಶ್ನೆಗೇ ಕಾದಿದ್ದಳು. ಅಪ್ಪನನ್ನು ತಲಕಾಡಿನ ಆಚೆಯ ನೆಂಟರ ಊರಿಗೆ ಕಳಿಸಿ, ಅಲ್ಲಿ ಒಬ್ಬರು ಇನ್ನೂ ಬೆಳೆಯುತ್ತಿದ್ದ ನಾಟಿ ಭತ್ತ ತರಿಸಿದ್ದಳು. ತಾನೇ ಬಿಸಿಲಿಗೆ ಹರಡಿ, ತಾನೇ ಕೇರಿ, ಬೆರಕೆಯ ಕಾಳನ್ನು ಒಂದೊಂದಾಗಿ ಹೆಕ್ಕಿದ್ದಳು. ಹೊಸ ಮೊರದಲ್ಲಿ ತುಂಬಿ, ಪಕ್ಕದಲ್ಲಿ ಸೀರೆ, ಬಳೆ, ಎಲೆ ಅಡಿಕೆ ಇಟ್ಟು ಆಕೆಯನ್ನು ಕರೆಸಿದಳು. ಈ ಸಲದ ಚೌಕಾಸಿ ನೋಡಲು ಎರಡೂ ಬೀದಿಯವರು ಚಪ್ಪರದ ಕೆಳಗೆ ಸೇರಿದ್ದರು.

ಆಕೆ ಬಂದು ಮೊರದ ಮುಂದೆ ಕೂತಳು. ಒಂದು ಕಾಳು ಹಲ್ಲಿಗಿಟ್ಟು ಕಡಿದಳು. ಸದ್ದು ಎಲ್ಲರಿಗೂ ಕೇಳಿಸಿತು.

“ಒಣಗ್ಯದೆ” ಅಂದಳು. ಕೈಯಾಡಿಸಿ ನೋಡಿ, “ಬೆರಕೆ ಇಲ್ಲ. ನಾಟಿ ಬತ್ತವೇ” ಅಂದಳು.

“ಇವತ್ತು ಸಿಕ್ಕಾಕಂಡ್ಲು” ಎಂದು ಯಾರೋ ಹಿಂದಿನಿಂದ ನಕ್ಕರು.

ಆಕೆ ಮೊರವನ್ನು ಎರಡೂ ಕೈಯಲ್ಲಿ ನನ್ನ ತಾಯಿಯ ಕಡೆಗೆ ತಳ್ಳಿದಳು. “ಚೆಂದಾಗದೆ ಕಣವ್ವ, ಮಡಿಕ್ಕೊ. ಬಿತ್ತಾಕಾಯ್ತದೆ. ನಂಗೆ ಬ್ಯಾಡ.”

“ಬ್ಯಾಡ ಅಂದ್ರೆ ಎಂಗವ್ವ?” ಯಜಮಾನನಿಗೆ ರೇಗಿತು. “ಬತ್ತ ತಗೊಂಡು ಕೂಸ್ನ ಬುಟ್ಕೊಡ್ಬೇಕು. ನಾಳೀಕೆ ದಾರೆ ಅದೆ.”

“ಬುಟ್ಕೊಡಾಕಿಲ್ಲ ಅಂದ್ನಾ? ಕರ್ಕೊಂಡೋಗಿ ದಾರೆ ಎರೀರಿ. ಕೊಟ್ಟಿದ್ದ ವಾಪಸ್ ಈಸ್ಕಂಡು ಮಗಳ್ನ ಕೊಡಾಕೆ ನಾನೇನು ಅಂಗ್ಡಿ ಇಟ್ಟಿದ್ದೀನಾ?”

“ಸುಮ್ನೆ ಕೊಟ್ರೆ ಬುಡುಗಡೆ ಆಗಾಕಿಲ್ಲ ಕಣವ್ವ.”

“ಆಗ್ದಿದ್ರೆ ಬುಡಿ.”

ನಗುತ್ತಿದ್ದವರು ನಿಲ್ಲಿಸಿದರು. ಆಕೆಯ ದನಿ ಅವತ್ತು ಚಪ್ಪರದ ಆಚೆಗೆ ಹೋಗಲಿಲ್ಲ. ನನ್ನ ತಾಯಿ ಮೊರವನ್ನು ಹಿಡಿದುಕೊಂಡೇ, “ಇವತ್ತೂ ನೀನೇ ಗೆದ್ದೆ ಬುಡಕ್ಕ” ಅಂದಳು. ಆಕೆ ಎದ್ದು, ಸೀರೆ ಬಳೆಯನ್ನೂ ಮುಟ್ಟದೆ, ಅಡುಗೆಯವರು ಸಾರಿಗೆ ಉಪ್ಪು ಹಾಕಿದರೋ ಇಲ್ಲವೋ ನೋಡಲು ಹಿತ್ತಿಲಿಗೆ ಹೋದಳು. ಯಜಮಾನ ಕುಟ್ಟಿದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಎಲ್ಲರ ಎದುರು ಒಪ್ಪಿದ್ದಾಳೆ, ಧಾರೆ ಎರೆಯಬಹುದು, ಬಿಡುಗಡೆಯ ಮಾತು ಬೇರೆ ಎಂದು ತೀರ್ಪು ಕೊಟ್ಟ.

ಮರುದಿನ ಆಕೆ ಛತ್ರಕ್ಕೆ ತಡವಾಗಿ ಬಂದಳು. ಧಾರೆ ಮುಗಿದಿತ್ತು.

ಅವತ್ತು ಸಂಜೆ ನನ್ನ ತಾಯಿ ನನ್ನ ಪೆಟ್ಟಿಗೆ ಜೋಡಿಸುತ್ತ, ತಲೆ ಎತ್ತದೆ, “ಇನ್ಮೇಲೆ ಅವ್ವ ಅನ್ಬೋದು ಕಣೆ” ಅಂದಳು. ನಾನು ಪ್ರಯತ್ನಪಟ್ಟೆ. ಪದ ಬಾಯಿಗೆ ಬರಲಿಲ್ಲ. ನಾಲ್ಕು ಸೀರೆ ಮಡಿಸುವಷ್ಟು ಹೊತ್ತು ಕಾದು, “ಬುಡು, ಒಗ್ಗಿಲ್ಲ” ಎಂದು ಅವಳೇ ನನ್ನನ್ನು ಪಾರು ಮಾಡಿದಳು. ಆಮೇಲೆ ಆ ಎರಡು ಮನೆಗಳ ನಡುವೆ ಸಾರಿನ ಓಡಾಟ ಕಮ್ಮಿಯಾಯಿತೆಂದು ನನ್ನ ತಮ್ಮ ಫೋನಿನಲ್ಲಿ ಹೇಳುತ್ತಿದ್ದ. ನಾನು ಊರಿಗೆ ಹೋದಾಗ ಎರಡು ಕಡೆಯೂ ಉಣ್ಣಬೇಕಿತ್ತು. ಒಂದು ಕಡೆ ಕಮ್ಮಿ ಉಂಡರೆ ಇನ್ನೊಂದು ಕಡೆ ತಿಳಿಯುತ್ತಿತ್ತು.

ಆಕೆಗೆ ಜ್ವರ ಬಂದು, ನಂಜನಗೂಡಿನ ಆಸ್ಪತ್ರೆಗೆ ಸೇರಿಸಿ, ಹುಷಾರಾಯಿತು ಎಂದುಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಳು. ನಾನು ಮೊದಲ ಬಸ್ಸಿಗೆ ಬಂದೆ. ಆಕೆಯ ಮೈದುನನ ಮಗ ಮುಂದೆ ನಿಂತು ಮಣ್ಣು ಮಾಡಿದ. ಎಲ್ಲ ಮುಗಿದು ಹೊಳೆಯಿಂದ ಗಂಡಸರು ವಾಪಸು ಬಂದಾಗ ಹೆಂಗಸರ ನಡುವೆ ಒಂದು ಪ್ರಶ್ನೆ ಎದ್ದಿತು. ನನಗೆ ಸೂತಕವೋ ಅಲ್ಲವೋ? ನೆರೆಯವಳಾದರೆ ತಲೆಗೆ ನೀರು ಹಾಕಿಕೊಂಡು ನನ್ನ ತಾಯಿಯ ಮನೆಗೆ ಹೋಗಬಹುದು. ಮದುವೆಯಾದ ಮಗಳಾದರೆ ಮೂರು ದಿನ ಸಾವಿನ ಮನೆಯಲ್ಲೇ ಇರಬೇಕು.

ಮೈದುನನ ಸೊಸೆ ನನ್ನ ಕಡೆ ನೋಡದೆ, “ಸೂತ್ಕ ನಮ್ಗೆ. ಮೇಡಮ್ಮೋರು ನೀರು ಉಯ್ಕಂಡು ಅವ್ರ ಮನೆಗೆ ಓಗ್ಲಿ” ಎಂದಳು. ಅವಳ ದನಿಯಲ್ಲಿ ಅಯ್ಯನ ಗದ್ದೆಯ ಚಿಂತೆಯೂ ಇತ್ತು. ಅಯ್ಯ ಗೋಡೆಗೆ ಒರಗಿ ಕೂತಿದ್ದ. ನಾನು ಮಾತಾಡಬೇಕಿತ್ತು, ಆದರೆ ಯಾವ ಹಕ್ಕಿನಿಂದ ಆಡಬೇಕೆಂಬುದೇ ಅಲ್ಲಿದ್ದ ಪ್ರಶ್ನೆಯಾಗಿತ್ತು.

ಎದುರಿಗೆ ನಮ್ಮ ಮನೆಯ ಬಾಗಿಲಲ್ಲಿ ನನ್ನ ತಾಯಿ ಬಿಸಿನೀರಿನ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ನನ್ನ ತಲೆಗೆ ಹೊಯ್ದು ಒಳಗೆ ಕರೆದುಕೊಳ್ಳಲು ಕಾಯಿಸಿದ ನೀರು. ಅವಳು ಬೀದಿಗೆ ಇಳಿದು ಬಂದಳು.

“ನಮ್ಮನೇಗೆ ಯಾಕೆ ಬತ್ತಾಳೆ? ಬುಡುಗಡೆ ಆಗ್ಯದಾ ಅವ್ಳಿಗೆ?”

“ಅದೆಲ್ಲ ಅವಾಗಿನ ಶಾಸ್ತ್ರ ಅಲ್ವೇನತ್ತೆ?” ಎಂದಳು ಸೊಸೆ.

“ಚಪ್ಪರದ ಕೆಳ್ಗೆ ನೀವೆಲ್ಲ ಇದ್ರಲ್ಲ. ಬತ್ತ ತಗೊಂಡ್ಲಾ ಅಕ್ಕ? ತಗೊಂಡಿಲ್ಲ. ನಾನು ಕೊಟ್ಟಿದ್ದು ನನ್ ಮೊರದಲ್ಲೇ ವಾಪಸ್ ಬಂತು.” ಅವಳು ಸೊಸೆಯ ಕಡೆ ತಿರುಗಿದಳು. “ಸತ್ತಿರೋದು ಅವ್ಳ ಅವ್ವ ಕಣವ್ವ. ಮೂರ್ ದಿನ ಇಲ್ಲೇ ಇರ್ತಾಳೆ. ಗದ್ದೆ ಪದ್ದೆ ಅವ್ಳಿಗೆ ಬ್ಯಾಡ, ಅದ್ಕೆ ನೀವು ಎದರ್ಕಬ್ಯಾಡಿ.”

ಅವಳು ಹಿಂದಕ್ಕೆ ಹೋಗಿ ಬಿಂದಿಗೆಯ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದ್ದು ನನಗೆ ಕಾಣಿಸಿತು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು ಅನ್ನ ತಂದು ಬಡಿಸಬೇಕು. ಮೈದುನನ ಮನೆಯವರು ಕತ್ತಲಾಗುವ ಮೊದಲು ಹಿಂದಿನ ಬೀದಿಗೆ ಹೋಗಿಬಿಡುತ್ತಿದ್ದರು. ಆ ಮನೆಯಲ್ಲಿ ಉಳಿಯುತ್ತಿದ್ದವರು ಅಯ್ಯ ಮತ್ತು ನಾನು. ಹೊತ್ತು ಹೊತ್ತಿಗೆ ನನ್ನ ತಾಯಿ ಬೀದಿ ದಾಟಿ ಅನ್ನ ಸಾರು ತಂದಳು. ನಮ್ಮಿಬ್ಬರಿಗೂ ಎಲೆ ಹಾಕಿ, ಸಾವಿನ ಮನೆಯವರನ್ನು ಯಾರಾದರೂ ಒತ್ತಾಯಿಸುವ ಹಾಗೆ, “ವಸಿ ಉಣ್ಣಿ. ಓದೋರ ಜೊತೆ ನಾವು ಓಗಾಕಾಯ್ತದಾ?” ಎಂದು ಬಡಿಸಿದಳು. ನಾನು ಸಾಕು ಎಂದು ಕೈ ಅಡ್ಡ ಹಿಡಿದರೆ ಹೆಚ್ಚು ಬಲವಂತ ಮಾಡಲಿಲ್ಲ. ತನ್ನ ಮನೆಯಲ್ಲಾಗಿದ್ದರೆ ಮಾಡುತ್ತಿದ್ದಳು.

ಕೊನೆಯ ದಿನ ಬೆಳಗ್ಗೆ ಅವಳು ಪಾತ್ರೆಗಳನ್ನು ಎತ್ತಿಕೊಂಡು ಹೊರಡುವಾಗ ಹೊಸಲಿನ ಹತ್ತಿರ ನಿಂತು, “ಸಂದೆಗೆ ಏನ್ ಮಾಡ್ಕಂಡು ಬರ್ಲಣ್ಣ?” ಎಂದು ಅಯ್ಯನನ್ನು ಕೇಳಿದಳು.

ಅಯ್ಯ ತಲೆ ಎತ್ತಿ ನನ್ನ ಕಡೆ ಕೈ ತೋರಿಸಿದ. “ಮನೆ ಮಗಳಿಲ್ವಾ? ಅವ್ಳ ಕೇಳವ್ವ.”

ನನ್ನ ತಾಯಿ ಪಾತ್ರೆಗಳನ್ನು ಸೊಂಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಿಕೊಂಡು, ನನ್ನ ಕಡೆ ತಿರುಗಿ, ಅದನ್ನೇ ಕೇಳಿದಳು.